ಕಡಲಿಲ್ಲದ ನಾಡಿನ ಕಬ್ಬಿಣವೂ ಯುದ್ಧನೌಕೆಯೂ

ರಾಯಚೂರು ಜಿಲ್ಲೆಯಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಬೇರ್ಪಡಿಸಿ 1997ರಲ್ಲಿ ರಚಿಸಲಾದ ಕೊಪ್ಪಳ ಜಿಲ್ಲೆಗೆ ಕಡಲತೀರವಿಲ್ಲ. ಇಲ್ಲಿಯ ಜನರು ನೀರಿನ ಮೇಲೆ ಸಾಗಲು ಬಳಸಿದ ಸಾಧನವೆಂದರೆ ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುತ್ತಿದ್ದ ಹರಿಗೋಲು ಮಾತ್ರ. ಹಾಗಿದ್ದರೂ ಭಾರತೀಯ ನೌಕಾಪಡೆಯ ವಿಸ್ತರಣೆ ಮತ್ತು ಯುದ್ಧನೌಕೆಗಳ ನಿರ್ಮಾಣದಲ್ಲಿ ಖಾಸಗಿ ಕಂಪನಿಗಳ ಪಾತ್ರ ಎಂಬ ಎರಡು ಸಂಗತಿಗಳು ಈ ಜಿಲ್ಲೆಗೆ ಸಂಬಂಧಿಸಿದವಲ್ಲವೆಂದು ಹೇಳಲಾಗದು. ಯುದ್ಧನೌಕೆಯೊಂದು ಕೊನೆಗೆ ನೀರಿಗಿಳಿಯುವುದು ಕಡಲದಡದಲ್ಲಾದರೂ ಅದರ ಉಕ್ಕು, ಎಂಜಿನ್, ಪಂಪು, ಕವಾಟ, ರೇಡಾರ್ ಮತ್ತು ಸೋನಾರ್‌ಗಳು ತಯಾರಾಗುವುದು ಬಹುಮಟ್ಟಿಗೆ ಒಳನಾಡಿನಲ್ಲಿ. ಖಾಸಗಿ ಬಂಡವಾಳದ ಪ್ರಶ್ನೆಯನ್ನು ಹಡಗು ಕಟ್ಟುವ ಅಂಗಳದ ಒಡೆತನ ಯಾರದು ಎಂಬುದಕ್ಕೇ ಸೀಮಿತಗೊಳಿಸಿದರೆ ಈ ಒಳನಾಡಿನ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ಕಬ್ಬಿಣದ ಕುಲುಮೆಗಳನ್ನು ಮೂರು ದಶಕಗಳಿಂದ ಹೊತ್ತು ನಿಂತಿರುವ ಕೊಪ್ಪಳದಂಥ ಜಿಲ್ಲೆಗೆ ಅದರಲ್ಲಿ ಯಾವ ಪಾಲು ಸಲ್ಲಬೇಕೆಂಬ ಪ್ರಶ್ನೆಯೂ ಏಳುವುದಿಲ್ಲ.

ನೌಕಾಪಡೆ ಬೆಳೆಯಬೇಕೆಂಬ ವಾದಕ್ಕೆ ಆಧಾರ ಸರಳವಾದುದು. ಗಾತ್ರದ ಲೆಕ್ಕದಲ್ಲಿ ಭಾರತದ ವಿದೇಶ ವ್ಯಾಪಾರದ ಶೇ 95ರಷ್ಟು ಸಾಗುವುದು ಸಮುದ್ರದ ಮೂಲಕ, ಕಚ್ಚಾ ತೈಲದ ಆಮದೂ ಆ ದಾರಿಯದೇ. ಹಡಗುಗಳ ಸಂಖ್ಯೆಯಲ್ಲಿ ಜಗತ್ತಿನ ಅತಿದೊಡ್ಡ ನೌಕಾಪಡೆಯನ್ನು ಹೊಂದಿರುವ ಚೀನಾದ ಯುದ್ಧನೌಕೆಗಳು ಹಿಂದೂ ಮಹಾಸಾಗರದಲ್ಲಿ ಆಗಾಗ ಕಾಣಿಸಿಕೊಳ್ಳತೊಡಗಿ ಒಂದೂವರೆ ದಶಕಕ್ಕೂ ಹೆಚ್ಚಾಯಿತು. ಈ ಹಿನ್ನೆಲೆಯಲ್ಲಿ 2035ರ ವೇಳೆಗೆ 175 ಹಡಗುಗಳ ಪಡೆಯನ್ನು ಕಟ್ಟುವ ಗುರಿಯನ್ನು ನೌಕಾಪಡೆ ಇಟ್ಟುಕೊಂಡಿತು. ಈಚೆಗೆ ಇನ್ನೂರರ ಮಾತೂ ಕೇಳಿಬರುತ್ತಿದೆ. ಗುರಿಗಿಂತ ಗಮನಾರ್ಹವಾದುದು ಅದನ್ನು ಮುಟ್ಟುವ ಬಗೆ. ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ 2025ರ ಜುಲೈ 1ರಂದು ಸೇವೆಗೆ ಸೇರಿದ ಐಎನ್ಎಸ್ ತಮಾಲ್ ವಿದೇಶದಲ್ಲಿ ಕಟ್ಟಿಸಿ ತರುವ ಕೊನೆಯ ಯುದ್ಧನೌಕೆಯೆಂದು ಘೋಷಿಸಲಾಯಿತು. ಈಗ ನಿರ್ಮಾಣದಲ್ಲಿರುವ ಐವತ್ತರಷ್ಟು ಹಡಗುಗಳು ದೇಶದೊಳಗಿನ ಹಡಗುಕಟ್ಟೆಗಳಲ್ಲಿಯೇ ರೂಪುಗೊಳ್ಳುತ್ತಿವೆ. ಅದೇ ವರ್ಷದ ಆಗಸ್ಟ್ 26ರಂದು ಉದಯಗಿರಿ ಮತ್ತು ಹಿಮಗಿರಿ ಎಂಬ ಎರಡು ಫ್ರಿಗೇಟ್‌ಗಳು, ಎಂದರೆ ವಿಮಾನ, ಹಡಗು ಮತ್ತು ಜಲಾಂತರ್ಗಾಮಿ ಮೂರನ್ನೂ ಎದುರಿಸಬಲ್ಲ ಮಧ್ಯಮ ಗಾತ್ರದ ಯುದ್ಧನೌಕೆಗಳು, ಒಂದೇ ದಿನ ಸೇವೆಗೆ ಸೇರಿದವು. ಒಂದು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ, ಇನ್ನೊಂದು ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ನಿರ್ಮಾಣವಾದವು. ಇವುಗಳಲ್ಲಿ ಉದಯಗಿರಿಯು ನೌಕಾಪಡೆಯ ಸ್ವಂತ ವಿನ್ಯಾಸ ಸಂಸ್ಥೆ ರೂಪಿಸಿದ ನೂರನೆಯ ಹಡಗು.

ಮೇಲೆ ಹೇಳಿದ ಎರಡು ಕಟ್ಟೆಗಳೂ ಇಂದು ರಕ್ಷಣಾ ಸಚಿವಾಲಯದ ಅಧೀನದ ಸಾರ್ವಜನಿಕ ಉದ್ಯಮಗಳಾಗಿವೆ. ಮೂಲದಲ್ಲಿ ಅವು ಖಾಸಗಿ ಸೊತ್ತುಗಳಾಗಿದ್ದವು, 1960ರಲ್ಲಿ ಭಾರತ ಸರ್ಕಾರ ಎರಡನ್ನೂ ಕೊಂಡುಕೊಂಡಿತು. ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನ ಕಥೆ ಕರ್ನಾಟಕಕ್ಕೆ ಇನ್ನಷ್ಟು ಹತ್ತಿರದ್ದು. ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೇ ಮರುವರ್ಷ ವಿಶಾಖಪಟ್ಟಣದಲ್ಲಿ ಸಿಂಧಿಯಾ ಹಡಗುಕಟ್ಟೆಗೆ ಅಡಿಗಲ್ಲು ಹಾಕಿಸಿದರು. ಅಲ್ಲಿ ಕಟ್ಟಿದ ‘ಜಲ ಉಷಾ’ ಎಂಬ ಸರಕುಹಡಗನ್ನು 1948ರ ಮಾರ್ಚಿನಲ್ಲಿ ಪ್ರಧಾನಿ ನೆಹರೂ ನೀರಿಗಿಳಿಸಿದರು. ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿಯೇ ಸರ್ಕಾರದ ಕೈಸೇರಿತು, ಹಡಗುಕಟ್ಟೆ 1952ರಿಂದ ಹಂತಹಂತವಾಗಿ ಅದೇ ಹಾದಿ ಹಿಡಿಯಿತು. 1956ರ ಕೈಗಾರಿಕಾ ನೀತಿಯು ಶಸ್ತ್ರಾಸ್ತ್ರಗಳ ಜೊತೆಗೆ ಹಡಗು ನಿರ್ಮಾಣವನ್ನೂ ಸರ್ಕಾರಕ್ಕೆ ಮೀಸಲಾದ ಉದ್ಯಮಗಳ ಪಟ್ಟಿಗೆ ಸೇರಿಸಿತು. ಖಾಸಗಿ ಬಂಡವಾಳದಿಂದ ಆಗದ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡಿತೆಂಬ ಮಾತು ಇಲ್ಲಿ ಅರ್ಧ ಸತ್ಯ ಮಾತ್ರ. ಅಂದಿನ ಖಾಸಗಿ ಕಟ್ಟೆಗಳಲ್ಲಿ ಕೌಶಲಕ್ಕೆ ಕೊರತೆಯಿರಲಿಲ್ಲ. ಒಂದು ಹಡಗಿನ ಬೆನ್ನಿಗೆ ಇನ್ನೊಂದು ಹಡಗನ್ನು ಕಟ್ಟಿಸಬಲ್ಲ ಗಿರಾಕಿ ಅವುಗಳಿಗೆ ದೊರೆಯಲಿಲ್ಲ. ಈ ಕೊರತೆ ಅರ್ಧ ಶತಮಾನದ ಬಳಿಕವೂ ನೀಗಲಿಲ್ಲವೆಂಬುದನ್ನು ಮುಂದಿನ ಚರಿತ್ರೆ ತೋರಿಸುತ್ತದೆ.

ರಕ್ಷಣಾ ಉತ್ಪಾದನೆಯ ಬಾಗಿಲು ಖಾಸಗಿ ಕಂಪನಿಗಳಿಗೆ ಮತ್ತೆ ತೆರೆದದ್ದು 2001ರಲ್ಲಿ. ಆ ದಶಕದಲ್ಲಿ ಜಗತ್ತಿನ ಸರಕುಸಾಗಣೆ ಏರುಗತಿಯಲ್ಲಿತ್ತು, ಹಡಗಿನ ಬೆಲೆಯ ಶೇ 30ರಷ್ಟನ್ನು ಸರ್ಕಾರ ಸಹಾಯಧನವಾಗಿ ಭರಿಸುತ್ತಿತ್ತು. ಹಾಗಾಗಿ ಗುಜರಾತಿನ ಎಬಿಜಿ ಶಿಪ್‌ಯಾರ್ಡ್ ಮತ್ತು ಪಿಪಾವಾವ್, ಮಹಾರಾಷ್ಟ್ರ ಮೂಲದ ಭಾರತಿ ಶಿಪ್‌ಯಾರ್ಡ್ ಮೊದಲಾದ ಕಂಪನಿಗಳು ಬ್ಯಾಂಕುಗಳಿಂದ ದೊಡ್ಡ ಮೊತ್ತದ ಸಾಲ ಪಡೆದು ಬೆಳೆದವು. ಸಹಾಯಧನದ ಯೋಜನೆ 2007ರ ಆಗಸ್ಟಿನಲ್ಲಿ ಮುಗಿಯಿತು, ಮರುವರ್ಷ ಜಾಗತಿಕ ಹಣಕಾಸು ಬಿಕ್ಕಟ್ಟು ಬಂದೆರಗಿತು, ಸರಕುಹಡಗುಗಳ ಬೇಡಿಕೆ ಬಿದ್ದುಹೋಯಿತು. ಬಡ್ಡಿಯ ಹೊರೆ ಹೊತ್ತ ಕಂಪನಿಗಳು ಆಗ ನೌಕಾಪಡೆಯ ಕಡೆಗೆ ತಿರುಗಿದವು. ಪಿಪಾವಾವ್‌ಗೆ ಐದು ಗಸ್ತುನೌಕೆಗಳ ಗುತ್ತಿಗೆಯೂ ಎಬಿಜಿಗೆ ತರಬೇತಿ ಹಡಗುಗಳ ಗುತ್ತಿಗೆಯೂ 2011ರಲ್ಲಿ ದೊರೆತವು. ಪಿಪಾವಾವ್ ಆಮೇಲೆ ಅನಿಲ್ ಅಂಬಾನಿ ಅವರ ರಿಲಯನ್ಸ್ ಸಮೂಹದ ಕೈಸೇರಿತು, 2017ರ ಜುಲೈನಲ್ಲಿ ಶಚಿ ಮತ್ತು ಶ್ರುತಿ ಎಂಬ ಎರಡು ಒಡಲುಗಳು ನೀರಿಗಿಳಿದವು, ಆದರೆ ಒಂದೂ ನೌಕಾಪಡೆಯನ್ನು ಸೇರದೆ 2020ರಲ್ಲಿ ಗುತ್ತಿಗೆಯೇ ರದ್ದಾಯಿತು. ಎಬಿಜಿ ದಿವಾಳಿಯಾಗಿ ಅದರ ಆಸ್ತಿ ಮಾರಾಟಕ್ಕೆ ಬಂತು. ಬ್ಯಾಂಕುಗಳಿಗೆ 22,842 ಕೋಟಿ ರೂಪಾಯಿ ವಂಚಿಸಿದ ಆರೋಪದ ಮೇಲೆ ಸಿಬಿಐ 2022ರ ಫೆಬ್ರುವರಿಯಲ್ಲಿ ಪ್ರಕರಣ ದಾಖಲಿಸಿತು. ಪಿಪಾವಾವ್ ಈಗ ಸ್ವಾನ್ ಸಮೂಹದ ಒಡೆತನದಲ್ಲಿ ಹೊಸ ಹೆಸರಿನಿಂದ ಮತ್ತೆ ಕೆಲಸಕ್ಕೆ ತೊಡಗಿದೆ.

ಈ ಸೋಲುಗಳನ್ನು ಮಾಲೀಕರ ದುರಾಸೆಯೆಂದಷ್ಟೇ ಹೇಳಿ ಮುಗಿಸುವುದು ಸುಲಭ, ಆದರೆ ಅದು ಪೂರ್ಣ ವಿವರಣೆಯಾಗದು. ಯುದ್ಧನೌಕೆಯ ಗುತ್ತಿಗೆಯಲ್ಲಿ ಕಟ್ಟೆಗೆ ಹಣ ಹಂತಹಂತವಾಗಿ ಸಂದಾಯವಾಗುತ್ತದೆ: ಉಕ್ಕು ಕತ್ತರಿಸಿದಾಗ ಒಂದು ಭಾಗ, ಹಡಗಿನ ಬೆನ್ನೆಲುಬಾದ ಕೀಲ್ ಕೂಡಿಸಿದಾಗ ಇನ್ನೊಂದು ಭಾಗ, ನೀರಿಗಿಳಿಸಿದಾಗ ಮತ್ತೊಂದು, ಸಮುದ್ರದಲ್ಲಿ ಪರೀಕ್ಷೆಗಳೆಲ್ಲ ಮುಗಿದು ಹಡಗನ್ನು ಒಪ್ಪಿಸಿದಾಗ ಉಳಿದದ್ದು. ಪಡೆದ ಮುಂಗಡಕ್ಕೆ ಪ್ರತಿಯಾಗಿ, ಕೆಲಸ ಕೆಟ್ಟರೆ ಹಣ ಹಿಂದಿರುಗಿಸುವುದಾಗಿ ಬ್ಯಾಂಕು ಬರೆದುಕೊಡುವ ಖಾತರಿ ಪತ್ರವನ್ನು ಕಟ್ಟೆಯು ಒದಗಿಸಬೇಕು, ಮತ್ತು ಆ ಖಾತರಿಗಾಗಿ ತನ್ನ ಆಸ್ತಿಯನ್ನೋ ನಗದನ್ನೋ ಬ್ಯಾಂಕಿನಲ್ಲಿ ಒತ್ತೆಯಿಡಬೇಕು. ವಿನ್ಯಾಸ ಬದಲಾದರೆ, ವಿದೇಶದಿಂದ ಬರಬೇಕಾದ ಎಂಜಿನ್ ತಡವಾದರೆ, ಒಪ್ಪಿಗೆಯ ಕಡತ ಮೇಜಿನಿಂದ ಮೇಜಿಗೆ ಹೋಗಲು ವರ್ಷ ಹಿಡಿದರೆ ಹಣದ ಹರಿವು ನಿಲ್ಲುತ್ತದೆ, ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಸಾರ್ವಜನಿಕ ಕಟ್ಟೆಯ ಹಿಂದೆ ಸರ್ಕಾರವೇ ನಿಂತಿರುವುದರಿಂದ ಅದು ಇಂಥ ತಡವನ್ನು ತಾಳಿಕೊಳ್ಳುತ್ತದೆ. ಸಾಲದ ಮೇಲೆ ನಿಂತ ಖಾಸಗಿ ಕಟ್ಟೆಗೆ ಅದು ಪ್ರಾಣಾಂತಿಕವಾಗುತ್ತದೆ. ಸೇನೆ ಮತ್ತು ಟ್ಯಾಂಕುಗಳನ್ನು ಶತ್ರುತೀರದಲ್ಲಿ ಇಳಿಸಬಲ್ಲ ನಾಲ್ಕು ದೊಡ್ಡ ಹಡಗುಗಳಿಗೆ 2013ರಲ್ಲಿ ಖಾಸಗಿ ಕಟ್ಟೆಗಳಿಂದ ಬೆಲೆಪಟ್ಟಿ ಕೇಳಲಾಗಿತ್ತು. ಏಳು ವರ್ಷ ಎಳೆದಾಡಿದ ಮೇಲೆ ಆ ಟೆಂಡರ್ ಕೈಬಿಡಲಾಯಿತು. ಆ ಏಳು ವರ್ಷ ಕ್ರೇನುಗಳನ್ನೂ ಬೆಸುಗೆಗಾರರನ್ನೂ ಕಾಯ್ದಿರಿಸಿಕೊಂಡ ವೆಚ್ಚ ಯಾವ ಲೆಕ್ಕಪತ್ರದಲ್ಲೂ ನೌಕಾಪಡೆಯ ಹೆಸರಿಗೆ ಬರುವುದಿಲ್ಲ.

ಇದೇ ಕಾಲದಲ್ಲಿ ಬೇರೊಂದು ದಾರಿಯೂ ಕಂಡಿತು. ಚೆನ್ನೈ ಸಮೀಪದ ಕಾಟುಪಳ್ಳಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ಕಟ್ಟಿದ ಹಡಗುಕಟ್ಟೆಯು ಕರಾವಳಿ ಕಾವಲು ಪಡೆಗೆ ಏಳು ಗಸ್ತುನೌಕೆಗಳನ್ನು ಕಟ್ಟಿಕೊಡಲು 2015ರಲ್ಲಿ ಒಪ್ಪಿಕೊಂಡು ಮೊದಲನೆಯದಾದ ‘ವಿಕ್ರಮ್’ ನೌಕೆಯನ್ನು 2018ರಲ್ಲಿಯೇ ಒಪ್ಪಿಸಿತು. 54 ವೇಗದ ತಡೆದೋಣಿಗಳನ್ನೂ ಅದೇ ಕಂಪನಿ ಅವಧಿಗೆ ಮುನ್ನವೇ ಪೂರೈಸಿತು. ಭಾರತದ ಮೊದಲ ಸ್ವದೇಶಿ ಅಣುಶಕ್ತಿ ಜಲಾಂತರ್ಗಾಮಿ ಅರಿಹಂತದ ಒಡಲನ್ನು ಹಜೀರಾದಲ್ಲಿ ರೂಪಿಸಿದ್ದೂ ಇದೇ ಕಂಪನಿ. ಇದು ಉಳಿದದ್ದಕ್ಕೆ ಕಾರಣ ಸರಳವಾಗಿದೆ: ಹಡಗು ಅದರ ಏಕೈಕ ವ್ಯಾಪಾರವಾಗಿರಲಿಲ್ಲ, ಸೇತುವೆಯಿಂದ ಅಣುಸ್ಥಾವರದವರೆಗಿನ ಇತರ ಕೆಲಸಗಳ ಆದಾಯ ಹಡಗುಕಟ್ಟೆಯ ಬರಗಾಲವನ್ನು ದಾಟಿಸಿತು. ಹಾಗಿದ್ದೂ 2023ರ ಮಾರ್ಚಿನಲ್ಲಿ ಹನ್ನೊಂದು ಹೊಸ ಗಸ್ತುನೌಕೆ ಮತ್ತು ಆರು ಕ್ಷಿಪಣಿ ನೌಕೆಗಳಿಗಾಗಿ ಒಟ್ಟು 19,600 ಕೋಟಿ ರೂಪಾಯಿಗಳ ಒಪ್ಪಂದಗಳಾದಾಗ ಅವೆಲ್ಲವೂ ಗೋವಾ, ಕೋಲ್ಕತ್ತ ಮತ್ತು ಕೊಚ್ಚಿಯ ಸಾರ್ವಜನಿಕ ಕಟ್ಟೆಗಳ ಪಾಲಾದವು. ಅದೇ ತಿಂಗಳು ಖಾಸಗಿ ಕಟ್ಟೆಗೆ ದೊರೆತದ್ದು 3,108 ಕೋಟಿ ರೂಪಾಯಿಗಳ ಮೂರು ತರಬೇತಿ ಹಡಗುಗಳ ಕೆಲಸ. ಈಚೆಗೆ ಎರಡು ವಲಯಗಳು ಕೂಡಿ ದುಡಿಯುವ ಪದ್ಧತಿ ಬೆಳೆಯುತ್ತಿದೆ. ವಿಶಾಖಪಟ್ಟಣದಲ್ಲಿ 2025ರ ಜೂನ್ 18ರಂದು ಸೇವೆಗೆ ಸೇರಿದ, ಆಳವಿಲ್ಲದ ನೀರಿನಲ್ಲಿ ಜಲಾಂತರ್ಗಾಮಿಗಳನ್ನು ಬೇಟೆಯಾಡುವ ಐಎನ್ಎಸ್ ಅರ್ನಾಲಾದ ಗುತ್ತಿಗೆ ಗಾರ್ಡನ್ ರೀಚ್‌ನದಾದರೂ ಹಡಗು ಕಟ್ಟಿದ್ದು ಕಾಟುಪಳ್ಳಿಯಲ್ಲಿ. ಹಿಂದೂಸ್ತಾನ್ ಶಿಪ್‌ಯಾರ್ಡ್‌ಗೆ ದೊರೆತ ಐದು ಪೂರೈಕೆ ಹಡಗುಗಳಲ್ಲಿ ಎರಡು ಅಲ್ಲಿಯೇ ತಯಾರಾಗುತ್ತಿವೆ. ಗುತ್ತಿಗೆಯ ಭದ್ರತೆಯನ್ನು ಒಬ್ಬರು, ಕೆಲಸದ ವೇಗವನ್ನು ಇನ್ನೊಬ್ಬರು ತರುವ ಈ ಕೂಡಿಕೆಯು ಸದ್ಯಕ್ಕೆ ಎಲ್ಲಕ್ಕಿಂತ ವಿವೇಕದ ಏರ್ಪಾಡು.

ಕರ್ನಾಟಕದ ಕರಾವಳಿಯಲ್ಲಿ ಈ ಚರಿತ್ರೆಯ ಎರಡು ಮುಖಗಳೂ ಕಾಣುತ್ತವೆ. ಮಂಗಳೂರಿನ ತಣ್ಣೀರುಬಾವಿಯಲ್ಲಿ ಭಾರತಿ ಶಿಪ್‌ಯಾರ್ಡ್ ಹೂಡಿದ್ದ ಕಟ್ಟೆಯು ಕಂಪನಿಯ ದಿವಾಳಿಯೊಂದಿಗೆ ಕಳೆಗುಂದಿತು. ಮಲ್ಪೆಯಲ್ಲಿದ್ದ ಖಾಸಗಿ ಟೆಬ್ಮಾ ಶಿಪ್‌ಯಾರ್ಡ್ ಕೂಡ ದಿವಾಳಿಯ ಪ್ರಕ್ರಿಯೆಗೆ ಬಂದಿತ್ತು. 2020ರಲ್ಲಿ ಸಾರ್ವಜನಿಕ ಉದ್ಯಮವಾದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಕೊಂಡು, ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಸಿ, ದೊಡ್ಡ ಹಡಗುಗಳನ್ನು ಬಂದರಿನೊಳಕ್ಕೆ ಎಳೆದು ತರುವ ಟಗ್‌ಗಳನ್ನೂ ನಾರ್ವೆಯ ಕಂಪನಿಗೆ ಸರಕುಹಡಗುಗಳನ್ನೂ ಕಟ್ಟುವ ಕೆಲಸವನ್ನು ಅಲ್ಲಿಗೆ ತಂದಿತು. ಅಂಗಳ, ಕಡಲು, ಊರು ಎಲ್ಲವೂ ಹಿಂದಿನವೇ ಆಗಿದ್ದು ಬದಲಾದದ್ದು ಬಂಡವಾಳದ ತಾಳ್ಮೆ ಮಾತ್ರ ಎಂಬುದು ಇಲ್ಲಿ ಗಮನಿಸತಕ್ಕ ಅಂಶ.

ಉತ್ತರ ಕನ್ನಡದ ಕಾರವಾರ ಮತ್ತು ಅಂಕೋಲಾಗಳ ನಡುವೆ ಅರಗಾದಲ್ಲಿರುವ ಐಎನ್ಎಸ್ ಕದಂಬ ನೌಕಾನೆಲೆಯು ಬೇರೆಯದೇ ಪ್ರಮಾಣದ್ದು. ಸೀಬರ್ಡ್ ಎಂಬ ಹೆಸರಿನ ಈ ಯೋಜನೆಗೆ 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, ನೆಲೆಯು ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ನಡುವಣ ಅವಧಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ ಮತ್ತು ಮೀನುಗಾರಿಕೆಯ ತಾಣಗಳನ್ನು ಬಿಟ್ಟುಕೊಟ್ಟು ಪರಿಹಾರಕ್ಕಾಗಿ ದಶಕಗಳ ಕಾಲ ಅಲೆದವು. ಹತ್ತು ಸಾವಿರ ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತಿ ರಿಪೇರಿಗಾಗಿ ನೆಲಕ್ಕೆ ಸರಿಸುವ ಶಿಪ್‌ಲಿಫ್ಟ್ ಎಂಬ ಯಂತ್ರವೇದಿಕೆ ಅಲ್ಲಿದೆ. ಎರಡನೆಯ ಹಂತದ ‘ಎ’ ಭಾಗ ಮುಗಿದಾಗ 32 ಹಡಗು ಮತ್ತು ಜಲಾಂತರ್ಗಾಮಿಗಳಿಗೆ ತಂಗುದಾಣ ಸಿದ್ಧವಾಗುತ್ತದೆ. ಅಷ್ಟು ನೌಕೆಗಳು ನಿಲ್ಲುವಲ್ಲಿ ಅವುಗಳ ಆಯುಷ್ಯವಿಡೀ ರಿಪೇರಿ, ಬದಲಿ ಭಾಗ, ಬಣ್ಣ, ಬೆಸುಗೆಗಳ ಕೆಲಸವಿರುತ್ತದೆ. ಯುದ್ಧನೌಕೆಯೊಂದು ಸುಮಾರು ಮೂರು ದಶಕ ದುಡಿಯುವುದರಿಂದ ಕಟ್ಟುವ ಕೆಲಸಕ್ಕಿಂತ ಕಾಪಾಡುವ ಕೆಲಸ ದೀರ್ಘವಾದುದು, ಸಣ್ಣ ಖಾಸಗಿ ಘಟಕಗಳಿಗೆ ಎಟುಕುವುದೂ ಇದೇ.

ಕೊಪ್ಪಳದ ನೆಲಕ್ಕೂ ಈ ಕರಾವಳಿಗೂ ಇರುವ ನಂಟು ಭೂಪಟದಲ್ಲಿಯೇ ಕಾಣುತ್ತದೆ. ಹಿಂದೆ 63ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಕರೆಯಲಾಗುತ್ತಿದ್ದ ರಸ್ತೆಯು ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಗಳನ್ನು ಹಾದು ಅಂಕೋಲಾದಲ್ಲಿ ಕಡಲನ್ನು ಮುಟ್ಟುತ್ತಿತ್ತು. ಬಳ್ಳಾರಿ ಮತ್ತು ಹೊಸಪೇಟೆ ಸೀಮೆಯ ಕಬ್ಬಿಣದ ಅದಿರು ಈ ರಸ್ತೆಯ ಮೇಲೆ ಲಾರಿಗಳಲ್ಲಿ ಸಾಲುಗಟ್ಟಿ ಹೋಗಿ ಅಂಕೋಲಾದ ಬೇಲೆಕೇರಿ ಬಂದರಿನಿಂದ ಹೊರದೇಶಗಳ ಉಕ್ಕಿನ ಕಾರ್ಖಾನೆಗಳಿಗೆ ಸಾಗಿತು. ಬೇಲೆಕೇರಿಯಲ್ಲಿ ಮುಟ್ಟುಗೋಲು ಹಾಕಿಕೊಂಡಿದ್ದ ಅದಿರೂ ಮಾಯವಾದುದು ಬೆಳಕಿಗೆ ಬಂದ 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. ಸುಪ್ರೀಂ ಕೋರ್ಟ್ ರಫ್ತಿಗೆ ಮತ್ತೆ ಅವಕಾಶ ಕೊಟ್ಟದ್ದು 2022ರಲ್ಲಿ. ಒಂದೇ ಜಿಲ್ಲೆಯ ತೀರದಲ್ಲಿ ಒಂದು ಕಡೆ ದೇಶದ ಬಹುದೊಡ್ಡ ನೌಕಾನೆಲೆ ಏಳುತ್ತಿದ್ದ ವರ್ಷಗಳಲ್ಲಿಯೇ ಇನ್ನೊಂದು ಕಡೆಯಿಂದ ಹಡಗು ಕಟ್ಟಲು ಬೇಕಾದ ಕಬ್ಬಿಣವು ಕಚ್ಚಾ ಮಣ್ಣಿನ ರೂಪದಲ್ಲಿ ಹೊರಗೆ ಹರಿದುಹೋಯಿತು. ಆ ಅದಿರಿನ ಬಹುಪಾಲು ಸೇರಿದ್ದು ಚೀನಾಕ್ಕೆ, ಜಗತ್ತಿನ ಹಡಗುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಇಂದು ಕಟ್ಟುತ್ತಿರುವ ದೇಶಕ್ಕೆ. ಹಡಗು ನಿರ್ಮಾಣದಲ್ಲಿ ಭಾರತದ ಪಾಲು ಶೇ 1ನ್ನೂ ಮುಟ್ಟಿಲ್ಲ. ನೋವು ತರುವ ಸಂಗತಿಯಿದು, ಮತ್ತು ಇದನ್ನು ಮರೆತು ನೌಕಾಪಡೆಯ ಸ್ವಾವಲಂಬನೆಯ ಮಾತಾಡುವುದು ಸಲ್ಲದು.

ಅದಿರಿದ್ದ ಮಾತ್ರಕ್ಕೆ ಯುದ್ಧನೌಕೆಯ ಉಕ್ಕು ಸಿದ್ಧವಾಗುವುದಿಲ್ಲ. ಸ್ಫೋಟದ ಆಘಾತಕ್ಕೆ ಒಡಲು ಗಾಜಿನಂತೆ ಸೀಳಬಾರದು, ಬಾಗಿ ತಾಳಿಕೊಳ್ಳಬೇಕು. ಚಳಿಯಲ್ಲಿ ಉಕ್ಕು ಪೆಡಸಾಗುವುದರಿಂದ ಶೂನ್ಯಕ್ಕಿಂತ 60 ಡಿಗ್ರಿ ಕೆಳಗಿನ ತಾಪಮಾನದಲ್ಲಿಯೂ ಅದರ ತಾಳಿಕೆಯನ್ನು ಪರೀಕ್ಷಿಸಲಾಗುತ್ತದೆ. ಬೆಸೆದ ಜಾಗವು ಮೂಲ ತಗಡಿನಷ್ಟೇ ಗಟ್ಟಿಯಾಗಿರಬೇಕು. ಇಂಥ ಉಕ್ಕನ್ನು ಭಾರತ ರಷ್ಯಾದಿಂದ ತರಿಸಿಕೊಳ್ಳುತ್ತಿತ್ತು. ಸ್ವದೇಶಿ ವಿಮಾನವಾಹಕ ನೌಕೆಯ ಕೆಲಸ ಆರಂಭಿಸುವ ಹೊತ್ತಿಗೆ ಪೂರೈಕೆ ಕಷ್ಟವಾದಾಗ ಹೈದರಾಬಾದಿನ ರಕ್ಷಣಾ ಲೋಹಸಂಶೋಧನಾ ಪ್ರಯೋಗಾಲಯ, ನೌಕಾಪಡೆ ಮತ್ತು ಭಾರತೀಯ ಉಕ್ಕು ಪ್ರಾಧಿಕಾರಗಳು ಕೂಡಿ ಡಿಎಂಆರ್ 249 ಎಂಬ ವರ್ಗದ ಉಕ್ಕನ್ನು ರೂಪಿಸಿದವು. ಒಡಲಿಗೆ ಅದರ ‘ಎ’ ದರ್ಜೆ, ವಿಮಾನ ಇಳಿಯುವ ಮೇಲ್ಮಾಳಿಗೆಗೆ ‘ಬಿ’ ದರ್ಜೆ. ಕೊಚ್ಚಿಯಲ್ಲಿ 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ, 262 ಮೀಟರ್ ಉದ್ದದ ಐಎನ್ಎಸ್ ವಿಕ್ರಾಂತ್‌ಗೆ ಸುಮಾರು 30,000 ಟನ್ ಉಕ್ಕನ್ನು ಪ್ರಾಧಿಕಾರ ಪೂರೈಸಿತು. ಅಂದಿನಿಂದ ಇಂದಿನವರೆಗೆ ಭಾರತದಲ್ಲಿ ಕಟ್ಟಿದ ಬಹುತೇಕ ಯುದ್ಧನೌಕೆಗಳ ಒಡಲು ಈ ಉಕ್ಕಿನದು. ನೌಕಾಪಡೆಯವರು ಹಡಗನ್ನು ತೇಲುವ, ಚಲಿಸುವ ಮತ್ತು ಕಾದುವ ಮೂರು ಭಾಗಗಳಾಗಿ ಎಣಿಸುತ್ತಾರೆ. ಒಡಲಿಗೆ ಸಂಬಂಧಿಸಿದ ಮೊದಲ ಭಾಗದಲ್ಲಿ ಸ್ವದೇಶಿ ಪಾಲು ಶೇ 90ರಷ್ಟಾಗಿರುವುದಕ್ಕೆ ಮುಖ್ಯ ಕಾರಣ ಈ ಉಕ್ಕು. ಎಂಜಿನ್, ಗೇರುಪೆಟ್ಟಿಗೆ, ಕ್ಷಿಪಣಿ, ತೋಪುಗಳ ಉಳಿದ ಎರಡು ಭಾಗಗಳು ಹಿಂದೆ ಬಿದ್ದಿವೆ. ಹಲವು ದೊಡ್ಡ ಯುದ್ಧನೌಕೆಗಳನ್ನು ಓಡಿಸುವ ಅನಿಲ ಟರ್ಬೈನುಗಳನ್ನು ಬೆಂಗಳೂರಿನ ಎಚ್‌ಎಎಲ್ ಜೋಡಿಸಿಕೊಡುತ್ತದೆಯಾದರೂ ಅವುಗಳ ಮೂಲ ವಿನ್ಯಾಸ ಅಮೆರಿಕದ್ದು.

ಕೊಪ್ಪಳದ ಕಬ್ಬಿಣವು ಈ ಚಿತ್ರಕ್ಕೆ ಸೇರಬಲ್ಲದ್ದು ‘ಚಲಿಸುವ’ ಭಾಗದಲ್ಲಿ. ಜಿಲ್ಲೆಯ ಕಾರ್ಖಾನೆಗಳು ಹಡಗಿನ ತಗಡನ್ನು ತಯಾರಿಸುವಂಥವಲ್ಲ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯ ಊದುಕುಲುಮೆಯಲ್ಲಿ ಅದಿರು ಕರಗಿ ಬೀಡುಕಬ್ಬಿಣವಾಗುತ್ತದೆ, ಅದರ ಫೌಂಡ್ರಿಯಲ್ಲಿ ಟ್ರ್ಯಾಕ್ಟರ್ ಮತ್ತು ವಾಹನಗಳ ಎಂಜಿನ್ನಿಗೆ ಬೇಕಾದ ಸಿಲಿಂಡರ್ ಬ್ಲಾಕ್ ಮತ್ತು ಹೆಡ್‌ಗಳನ್ನು ಎರಕ ಹೊಯ್ಯಲಾಗುತ್ತದೆ. ಗಿಣಿಗೇರಿಯಲ್ಲಿ ಕಲ್ಯಾಣಿ ಸ್ಟೀಲ್ಸ್ ಮತ್ತು ಮುಕುಂದ್ ಕಂಪನಿಗಳು ಕೂಡಿ ನಡೆಸುವ ಹೊಸಪೇಟೆ ಸ್ಟೀಲ್ಸ್ ಸ್ಥಾವರದಲ್ಲಿ ಮಿಶ್ರಲೋಹದ ಉಕ್ಕಿನ ಸರಳುಗಳು, ಎಂದರೆ ಬಡಿದು ಕ್ರ್ಯಾಂಕ್‌ಶಾಫ್ಟು, ಗೇರು, ಅಚ್ಚುಗಳನ್ನಾಗಿ ಮಾಡಲು ತಕ್ಕ ಉಕ್ಕು ತಯಾರಾಗುತ್ತದೆ. ಡೀಸೆಲ್ ಎಂಜಿನ್ನೊಂದರ ಮೂಲಧಾತು ಇವೆರಡೇ: ಎರಕದ ಬ್ಲಾಕು ಮತ್ತು ಬಡಿದ ಕ್ರ್ಯಾಂಕು. ಇದೇ ಕಾರಣಕ್ಕೆ 2025ರ ಏಪ್ರಿಲ್ 2ರಂದು ನೌಕಾಪಡೆ ಮತ್ತು ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ನಡುವೆ ಆದ ಒಡಂಬಡಿಕೆ ಕೊಪ್ಪಳದ ಓದುಗರು ಗಮನಿಸಬೇಕಾದದ್ದು. ಆರು ಮೆಗಾವಾಟ್ ಶಕ್ತಿಯ, ಮಧ್ಯಮ ವೇಗದ ಹಡಗಿನ ಡೀಸೆಲ್ ಎಂಜಿನ್ನನ್ನು ಭಾರತದಲ್ಲಿಯೇ ವಿನ್ಯಾಸಗೊಳಿಸಿ ಮಾದರಿಯನ್ನು ತಯಾರಿಸುವ ಈ ಯೋಜನೆಯ ವೆಚ್ಚ 270 ಕೋಟಿ ರೂಪಾಯಿ, ಅದರಲ್ಲಿ ಶೇ 70ನ್ನು ಸರ್ಕಾರ ಭರಿಸುತ್ತದೆ, ಮಾದರಿಯಲ್ಲಿ ಕನಿಷ್ಠ ಅರ್ಧದಷ್ಟು ಭಾಗ ಸ್ವದೇಶಿಯಾಗಿರಬೇಕು. ಇಷ್ಟು ದೊಡ್ಡ ಹಡಗು ಎಂಜಿನ್‌ಗಳನ್ನು ಈವರೆಗೆ ಬಹುಮಟ್ಟಿಗೆ ವಿದೇಶಿ ಕಂಪನಿಗಳಿಂದ ತರಿಸಲಾಗುತ್ತಿತ್ತು.

ಎಂಜಿನ್ ರೂಪಿಸುವ ಆ ಕಂಪನಿಯೂ ಬೇವಿನಹಳ್ಳಿಯ ಕಾರ್ಖಾನೆಯೂ ಒಂದೇ ಉದ್ಯಮ ಕುಟುಂಬದವು. ಆ ಕುಟುಂಬದ ಹಿರಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮವನ್ನು ಆರಂಭಿಸಿದವರು. ಆದರೆ ಒಂದೇ ಮನೆತನವೆಂದ ಮಾತ್ರಕ್ಕೆ ಕೊಪ್ಪಳದ ಎರಕ ನೌಕಾಪಡೆಯ ಎಂಜಿನ್ನಿಗೆ ಸೇರಿಬಿಡುವುದಿಲ್ಲ. ಟ್ರ್ಯಾಕ್ಟರಿನ ಬ್ಲಾಕನ್ನು ಇಬ್ಬರು ಮೂವರು ಹೊತ್ತೊಯ್ಯಬಹುದು, ಹಡಗಿನ ಬ್ಲಾಕು ಟನ್ನುಗಳ ಲೆಕ್ಕದ್ದು. ಮರಳಿನ ಅಚ್ಚಿನೊಳಗೆ ಅಷ್ಟು ಲೋಹ ಆರುವಾಗ ದಪ್ಪ ಭಾಗ ತಡವಾಗಿಯೂ ತೆಳು ಭಾಗ ಬೇಗನೆಯೂ ಗಟ್ಟಿಯಾಗುವುದರಿಂದ ಒಳಗೆ ಬಿಗುಪು ಹುಟ್ಟುತ್ತದೆ. ಕರಗಿದ ಲೋಹದಲ್ಲಿ ಸಿಕ್ಕಿಕೊಂಡ ಅನಿಲವು ಕಣ್ಣಿಗೆ ಕಾಣದ ಗುಳ್ಳೆಯಾಗಿ ಉಳಿಯುತ್ತದೆ. ಹೊಲದಲ್ಲಿ ಎಂಜಿನ್ ಕೆಟ್ಟರೆ ಒಂದು ದಿನದ ಉಳುಮೆ ನಿಲ್ಲುತ್ತದೆ, ನಡುಗಡಲಿನಲ್ಲಿ ಕೆಟ್ಟರೆ ಹಡಗೂ ಅದರೊಳಗಿನ ನಾವಿಕರೂ ಅಪಾಯಕ್ಕೆ ಸಿಕ್ಕುತ್ತಾರೆ. ಆದ್ದರಿಂದ ಪ್ರತಿ ಎರಕವನ್ನೂ ಧ್ವನಿತರಂಗಗಳಿಂದಲೂ ಎಕ್ಸ್-ರೇಯಿಂದಲೂ ಶೋಧಿಸಬೇಕು, ಅದು ಯಾವ ದಿನ ಯಾವ ಕುಲುಮೆಯ ಯಾವ ಹೊಯ್ತದಿಂದ ಬಂದಿತೆಂಬ ದಾಖಲೆಯನ್ನು ದಶಕಗಳವರೆಗೆ ಕಾದಿಡಬೇಕು, ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂಥ ವರ್ಗೀಕರಣ ಸಂಸ್ಥೆಯ ಮತ್ತು ರಕ್ಷಣಾ ಇಲಾಖೆಯ ಗುಣಮಟ್ಟ ಪರೀಕ್ಷಕರ ಮುದ್ರೆ ಪಡೆಯಬೇಕು. ವರ್ಗೀಕರಣವೆಂದರೆ ಹಡಗು ಮತ್ತು ಅದರ ಭಾಗಗಳು ನಿಗದಿತ ನಿಯಮಗಳಿಗೆ ಒಪ್ಪುತ್ತವೆಯೆಂದು ಸ್ವತಂತ್ರ ಸಂಸ್ಥೆಯೊಂದು ಪರೀಕ್ಷಿಸಿ ಹೇಳುವುದು. ಈ ಶಿಸ್ತನ್ನು ಕಲಿತ ಫೌಂಡ್ರಿಗೆ ಒಂದು ಕಿಲೋ ಕಬ್ಬಿಣದಿಂದ ದೊರೆಯುವ ಆದಾಯ ಬೀಡುಕಬ್ಬಿಣ ಮಾರುವವರ ಕಲ್ಪನೆಗೂ ಮೀರಿದ್ದು.

ಈ ಶಿಸ್ತು ಬಯಲುಸೀಮೆಗೆ ಅಸಾಧ್ಯವಲ್ಲವೆಂಬುದಕ್ಕೆ ನೆರೆಯಲ್ಲಿಯೇ ಉದಾಹರಣೆಯಿದೆ. ಬೆಳಗಾವಿಯಲ್ಲಿ ವಿಮಾನಗಳ ನಿಖರ ಭಾಗಗಳನ್ನು ತಯಾರಿಸುವ ಏಕಸ್ ಕಂಪನಿಯೇ ಯಲಬುರ್ಗಾ ಸೀಮೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ತಯಾರಿಕಾ ಸಮುಚ್ಚಯವನ್ನು ಕಟ್ಟಲು 2020ರಲ್ಲಿ ಮುಂದಾಯಿತು. ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ಇರುವುದು ಇದೇ ಜಿಲ್ಲೆಯಲ್ಲಿ. ಗಂಗಾವತಿ ಮತ್ತು ತಳಕಲ್ಲಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕುಷ್ಟಗಿ, ಯಲಬುರ್ಗಾಗಳ ಎರೆ ಮತ್ತು ಮಸಾರಿ ಭೂಮಿಯಲ್ಲಿ ಮಳೆ ಕೈಕೊಟ್ಟ ವರ್ಷ ಮಂಗಳೂರು, ಉಡುಪಿ, ಗೋವಾಗಳಿಗೆ ಗುಳೆ ಹೋಗುವ ಯುವಕರು ಅಲ್ಲಿ ಹೊರುವುದು ಕಲ್ಲು ಮತ್ತು ಸಿಮೆಂಟಿನ ಬುಟ್ಟಿಯನ್ನು. ಅದೇ ತೀರದ ಮಲ್ಪೆಯಲ್ಲಿ, ವಾಸ್ಕೋದ ಗೋವಾ ಶಿಪ್‌ಯಾರ್ಡ್‌ನಲ್ಲಿ, ಕಾರವಾರದ ರಿಪೇರಿ ಅಂಗಳದಲ್ಲಿ ಪ್ರಮಾಣಪತ್ರ ಪಡೆದ ಬೆಸುಗೆಗಾರನ ಕೂಲಿ ಅದರ ಹಲವು ಪಟ್ಟು. ಹಡಗಿನ ತಗಡನ್ನು ಬೆಸೆಯುವವನು ತಲೆಯ ಮೇಲಿನ, ಎದುರಿನ, ಕಾಲಡಿಯ ಕೀಲುಗಳನ್ನೆಲ್ಲ ಒಂದೇ ಗುಣದಲ್ಲಿ ಬೆಸೆಯಬಲ್ಲನೆಂದು ತೋರಿಸಿ ಪರೀಕ್ಷೆಯಲ್ಲಿ ಗೆಲ್ಲಬೇಕು, ನಿಯತವಾಗಿ ಆ ಅರ್ಹತೆಯನ್ನು ಮತ್ತೆ ಸಾಬೀತುಪಡಿಸಬೇಕು. ಇದನ್ನು ಕಲಿಸುವ ಒಂದು ಕಾರ್ಯಾಗಾರಕ್ಕೆ ತಗಲುವ ವೆಚ್ಚ ಕಾರ್ಖಾನೆಯೊಂದರ ಸಣ್ಣ ಯಂತ್ರದ ಬೆಲೆಗಿಂತ ಹೆಚ್ಚಿನದಲ್ಲ.

ಜಿಲ್ಲೆಯು ಕಬ್ಬಿಣಕ್ಕೆ ಈಗಾಗಲೇ ತೆತ್ತಿರುವ ಬೆಲೆಯನ್ನು ಹೇಳದೆ ಈ ಅವಕಾಶಗಳ ಮಾತು ಪೂರ್ಣವಾಗದು. ಗಿಣಿಗೇರಿಯ ಸುತ್ತಲಿನ ಹಳ್ಳಿಗಳಲ್ಲಿ ಹೊಲದ ಬೆಳೆಯ ಮೇಲೂ ಮನೆಯ ಮಾಳಿಗೆಯ ಮೇಲೂ ಕೂರುವ ಕಪ್ಪು ಧೂಳು, ತುಂಗಭದ್ರೆಯ ನೀರಿನಲ್ಲಿ ಕಾರ್ಖಾನೆಗಳಿಗೆ ಹೋಗುವ ಪಾಲು, ಉಸಿರಾಟದ ಕಾಯಿಲೆಗಳ ಭಯ ಇವೆಲ್ಲ ಸೇರಿ 2025ರ ಫೆಬ್ರುವರಿ 24ರಂದು ಕೊಪ್ಪಳ ನಗರದಲ್ಲಿ ದೊಡ್ಡ ಜನಸಭೆಯಾಗಿ ಪ್ರಕಟವಾದವು. ನಗರದ ಮಗ್ಗುಲಲ್ಲಿಯೇ ಹೊಸ ಬೃಹತ್ ಉಕ್ಕು ಸ್ಥಾವರವನ್ನು ಸ್ಥಾಪಿಸುವ ಪ್ರಸ್ತಾವವನ್ನು ವಿರೋಧಿಸಿದ ಆ ಸಭೆಯಲ್ಲಿ ಗವಿಮಠದ ಶ್ರೀಗಳೂ ಜನರ ಪರವಾಗಿ ಮಾತಾಡಿದರು, ಬಳಿಕ ಮುಖ್ಯಮಂತ್ರಿ ಕೆಲಸ ನಿಲ್ಲಿಸಲು ಸೂಚಿಸಿದರು. ಈ ಜನರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ಅನ್ಯಾಯ. ಲಕ್ಷಾಂತರ ಟನ್ ಸಾಮಾನ್ಯ ಉಕ್ಕನ್ನು ಕರಗಿಸುವ ಇನ್ನೊಂದು ಸ್ಥಾವರವು ಧೂಳು, ನೀರು, ಭೂಮಿಗಳ ಹೊರೆಯನ್ನು ಇಲ್ಲಿ ಬಿಟ್ಟು ಲಾಭವನ್ನು ಬೇರೆಡೆಗೆ ಒಯ್ಯುತ್ತದೆ. ಈಗಾಗಲೇ ಕರಗುತ್ತಿರುವ ಕಬ್ಬಿಣದಲ್ಲಿ ಸ್ವಲ್ಪ ಭಾಗವನ್ನಾದರೂ ಹಡಗಿನ ಎಂಜಿನ್, ಪಂಪು, ಕವಾಟಗಳ ಪರೀಕ್ಷಿತ ಎರಕಗಳನ್ನಾಗಿ ಮಾಡಿದರೆ ಅಷ್ಟೇ ಹೊಗೆಗೆ ಹೆಚ್ಚು ಉದ್ಯೋಗ, ಹೆಚ್ಚು ಕೌಶಲ, ಹೆಚ್ಚು ಕೂಲಿ ದೊರೆಯುತ್ತವೆ. ಕೇಂದ್ರ ಸರ್ಕಾರವು 2025ರ ಸೆಪ್ಟೆಂಬರಿನಲ್ಲಿ ಹಡಗು ನಿರ್ಮಾಣಕ್ಕೆಂದು 69,725 ಕೋಟಿ ರೂಪಾಯಿಗಳ ಯೋಜನೆಗಳಿಗೆ ಒಪ್ಪಿಗೆ ಕೊಟ್ಟಿತು. ಅದರ ಗಮನ ಸಹಜವಾಗಿಯೇ ಕಡಲತೀರದ ಕಟ್ಟೆಗಳ ಮೇಲಿದೆ. ಅದರ ಒಂದು ಎಳೆಯನ್ನು ಒಳನಾಡಿನ ಎರಕಶಾಲೆಗಳ ಪರೀಕ್ಷಾಲಯಗಳಿಗೂ ತರಬೇತಿಗೂ ಎಳೆದು ತರುವುದು ರಾಜ್ಯ ಸರ್ಕಾರದ ಮತ್ತು ಈ ಭಾಗದ ಪ್ರತಿನಿಧಿಗಳ ಕೆಲಸ.

ಒಳನಾಡು ಕಡಲನ್ನು ನೆನೆಯುತ್ತಿರುವುದು ಇದೇ ಮೊದಲಲ್ಲ. ಕುಷ್ಟಗಿಗೆ ನೆರೆಯ ಐಹೊಳೆಯಲ್ಲಿರುವ ಏಳನೆಯ ಶತಮಾನದ ರವಿಕೀರ್ತಿಯ ಶಾಸನವು ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ್ದನ್ನು ಹೇಳುತ್ತದೆ. ವಿಜಯನಗರವು ಹೊನ್ನಾವರ, ಭಟ್ಕಳಗಳ ಬಂದರುಗಳಿಂದ ಕುದುರೆಗಳನ್ನು ತರಿಸಿತೇ ಹೊರತು ಪೋರ್ಚುಗೀಸರನ್ನು ತಡೆಯಬಲ್ಲ ಪಡೆಯನ್ನು ಕಟ್ಟಲಿಲ್ಲ. ಈ ಸೀಮೆಗೆ ಹೆಚ್ಚು ಹತ್ತಿರದ ನೆನಪು ಟಿಪ್ಪು ಸುಲ್ತಾನನದು. ಕೊಪ್ಪಳದ ಕೋಟೆಯನ್ನು 1786ರಲ್ಲಿ ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ ಅವನು ಹತ್ತು ವರ್ಷಗಳ ತರುವಾಯ, 1796ರಲ್ಲಿ, ಮಂಗಳೂರು ಮತ್ತು ಉತ್ತರ ಕನ್ನಡದ ತೀರದ ಕಟ್ಟೆಗಳಲ್ಲಿ 22 ದೊಡ್ಡ ಯುದ್ಧನೌಕೆ ಮತ್ತು 20 ಫ್ರಿಗೇಟ್‌ಗಳನ್ನು ಕಟ್ಟುವ ಆದೇಶ ಹೊರಡಿಸಿದನು. ಮರ ಪಶ್ಚಿಮಘಟ್ಟದಿಂದ ಬರಬೇಕಾಗಿತ್ತು, ಕಬ್ಬಿಣ ಒಳನಾಡಿನ ಕುಲುಮೆಗಳಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಹಡಗುಗಳ ಬಹುಪಾಲು ಇನ್ನೂ ಆದೇಶದ ಕಾಗದದಲ್ಲಿಯೇ ಉಳಿದಿದ್ದವು.

ಅದಿರನ್ನು ಕಡಲಿಗೆ ಮುಟ್ಟಿಸಲೆಂದು ಯೋಚಿಸಿದ್ದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ 1990ರ ದಶಕದ ಕೊನೆಯಲ್ಲಿ ಮಂಜೂರಾತಿ ದೊರೆಯಿತು. ಘಟ್ಟದ ಕಾಡನ್ನು ಸೀಳಿ ಹೋಗಬೇಕಾದ ಆ ಹಳಿ ಪರಿಸರದ ಪ್ರಶ್ನೆಗಳ ನಡುವೆ ಇಂದಿಗೂ ಘಟ್ಟವನ್ನು ದಾಟಿಲ್ಲ. ಮಣ್ಣಿನ ರೂಪದ ಅದಿರನ್ನು ಸಾಗಿಸಲು ಸಾವಿರಾರು ವ್ಯಾಗನ್‌ಗಳೂ ಆ ಹಳಿಯೂ ಬೇಕು. ಬೇವಿನಹಳ್ಳಿಯಲ್ಲೋ ಗಿಣಿಗೇರಿಯಲ್ಲೋ ಎರಕ ಹೊಯ್ದು, ತೊಳೆದು, ಒಳಗಿನ ಗುಳ್ಳೆಗಳನ್ನು ಶೋಧಿಸಿ, ಪರೀಕ್ಷಕರ ಮುದ್ರೆ ಒತ್ತಿಸಿಕೊಂಡ ಹಡಗು ಎಂಜಿನ್ನಿನ ಬ್ಲಾಕೊಂದು ಕಾರವಾರವನ್ನು ತಲುಪಲು ಈಗಿರುವ ಹೆದ್ದಾರಿಯ ಮೇಲೆ ಒಂದು ಲಾರಿ ಸಾಕು.